ಕೊಂಬುಚಾ ಪದರವನ್ನು ಸುಟ್ಟ ಗಾಯಕ್ಕೆ ಹಾಕಬಹುದಾ?

ಪ್ರಶ್ನೆ: ಕೊಂಬುಚಾ (ಹುಳಿ ಬರಿಸಿದ ಸಿಹಿ ಚಹಾ) ಮೇಲೆ ಕಟ್ಟುವ ದಪ್ಪ ಪದರದಂಥದ್ದರಿಂದಲೇ ಸುಟ್ಟ ಗಾಯಕ್ಕೆ ಡ್ರೆಸಿಂಗ್ ಮಾಡ್ತಾರಂತೆ. ನಿಜವೇ? ಹಾಗಿದ್ರೆ ತೊಳೆದು ನಾವೇ ಹಾಕಿಕೊಳ್ಳಬಹುದಾ?

ಉತ್ತರ: ಡ್ರೆಸಿಂಗ್ ಮಾಡೋದು ನಿಜ. ನೀವು ಹಾಕಿಕೊಳ್ಳೋದು ಮಾತ್ರ ಖಂಡಿತ ಬೇಡ. ಸುಟ್ಟ ಕೂಡಲೇ 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ, ಆಮೇಲೆ ವೈದ್ಯರಿಗೆ ತೋರಿಸಿ.

ಆ ಪದರ ಬ್ಯಾಕ್ಟೀರಿಯಾ ಹೆಣೆದ ಸೆಲ್ಯುಲೋಸ್. ವಿನೆಗರ್ ಬ್ಯಾಕ್ಟೀರಿಯಾ ಇದನ್ನು ಕಟ್ಟುತ್ತದೆ ಅಂತ ಬ್ರೌನ್ ಎಂಬ ವಿಜ್ಞಾನಿ 1886ರಲ್ಲೇ ಬರೆದಿದ್ದರು. ಹತ್ತಿಯಲ್ಲಿರುವುದೂ ಸೆಲ್ಯುಲೋಸೇ, ಆದರೆ ಇದರ ಎಳೆಗಳ ಅಗಲ ಸುಮಾರು 100 ನ್ಯಾನೋಮೀಟರಿಗಿಂತ ಕಡಿಮೆ. ಹಸಿ ಪದರದ ತೂಕದಲ್ಲಿ ಸುಮಾರು ಶೇ. 99 ನೀರೇ! ಹಾಗಾಗಿ ಗಾಯ ಒಣಗಿ ಬಿರಿಯುವುದಿಲ್ಲ, ಪಟ್ಟಿ ತೆಗೆಯುವಾಗ ಹೊಸ ಚರ್ಮ ಕಿತ್ತುಬರುವುದೂ ಕಡಿಮೆ.

ನಮ್ಮ ಲ್ಯಾಬಿನ ಟ್ರೇಯಿಂದ ಎತ್ತಿದಾಗ ಇದು ಕಂದು ಬಣ್ಣದ, ಲೋಳೆ ಲೋಳೆ ಹಾಳೆ. ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಇಟ್ಟರೆ ಬೆಳ್ಳಗಾಗುತ್ತದೆ. ಸೋಡಾದ ಅಂಶ ಹೋಗುವವರೆಗೂ ನೀರು ಬದಲಿಸುತ್ತಲೇ ಇರಬೇಕು. ಬೇಜಾರಿನ ಕೆಲಸ, ಆದರೆ ಎಲ್ಲ ಇರುವುದು ಇಲ್ಲೇ. ಸತ್ತ ಬ್ಯಾಕ್ಟೀರಿಯಾದ ಚೂರು ಉಳಿದರೂ ಉರಿಯೂತ, ಜ್ವರ ಬರಬಹುದು. ನಿಮ್ಮ ಪದರದಲ್ಲಂತೂ ಯೀಸ್ಟೂ ಜೀವಂತ ಇರುತ್ತದೆ, ಅಲ್ವಾ? ನಲ್ಲಿಯಲ್ಲಿ ತೊಳೆದರೆ ಅದು ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಬರೀ ಸೆಲ್ಯುಲೋಸ್ ಒಂದು ರೋಗಾಣುವನ್ನೂ ಕೊಲ್ಲುವುದಿಲ್ಲ. ಅದಕ್ಕೇ ಇನ್ನೊಂದು ವಸ್ತು ಸೇರಿಸಿ ಕಾಂಪೋಸಿಟ್ ಮಾಡುವುದು. ಬೆಳ್ಳಿಯ ನ್ಯಾನೋಕಣ ಸೇರಿಸಿದರೆ ಹಾಳೆ ಹಳದಿ-ಕಂದು ಬಣ್ಣಕ್ಕೆ ತಿರುಗುತ್ತದೆ, ರೋಗಾಣು ಸಾಯುತ್ತವೆ. ಜಾಸ್ತಿಯಾದರೆ ಚರ್ಮದ ಕೋಶಗಳಿಗೂ ಪೆಟ್ಟು. ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಇನ್ನೊಂದು ದಾರಿ. ನೋವು ತಗ್ಗಿಸುವ ಐಬುಪ್ರೊಫೆನ್, ಮರಗಟ್ಟಿಸುವ ಲಿಡೊಕೇನ್ ತುಂಬಿಸಿ ಚರ್ಮದ ಮೂಲಕ ಕೊಡುವ ಪ್ರಯೋಗಗಳೂ ನಡೆದಿವೆ. ಇಲ್ಲಿ ತೊಂದರೆ ಏನೆಂದರೆ, ಔಷಧಿಯನ್ನು ಸುಮ್ನೆ ನೆನೆಸಿ ತುಂಬಿದರೆ ಮೊದಲಲ್ಲೇ ಬಹುಪಾಲು ಹೊರಗೆ ಬಂದುಬಿಡುತ್ತದೆ. ನಿಧಾನವಾಗಿ ಬಿಡಿಸುವುದೇ ಕಷ್ಟ.

ಗಾಯಕ್ಕಷ್ಟೇ ಅಲ್ಲ, ಮೂಳೆ ತುಂಬಿಸಲೆಂದೂ ಇದರ ಮೇಲೆ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಖನಿಜ ಬೆಳೆಸುತ್ತಾರೆ. ಕೊಳವೆಯಂತೆ ಬೆಳೆಸಿ ಇಲಿಗಳ ರಕ್ತನಾಳಕ್ಕೂ ಜೋಡಿಸಿ ನೋಡಿದ್ದಾರೆ. ಆದರೆ ಸೆಲ್ಯುಲೋಸ್ ಕರಗಿಸುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಕಿತ್ತು ಹಾಕುವ ಪಟ್ಟಿಗೆ ಅದೇ ಅನುಕೂಲ. ಒಳಗೆ ಕೂರಿಸಿದ್ದು ಮಾತ್ರ ಅಲ್ಲೇ ಉಳಿಯುತ್ತದೆ. ಮೂಳೆ ತುಂಬಿಕೊಂಡ ಮೇಲೆ ತಾನೇ ಕರಗಿಹೋಗಬೇಕು ಅನ್ನುವ ಕಡೆ ನಾನಂತೂ ಇದನ್ನು ಇನ್ನೂ ಆರಿಸುವುದಿಲ್ಲ.