ಎರಡನೇ ಪಿಟೀಲಿಗೆ ಕೂರಿಸಿದ್ದು ಶಿಕ್ಷೆಯಲ್ಲ

ಪತ್ರ: ಮಗನಿಗೆ ಹದಿಮೂರು ವರ್ಷ, ಪಿಟೀಲು ಚೆನ್ನಾಗಿ ನುಡಿಸುತ್ತಾನೆ. ಶಾಲೆಯ ಆರ್ಕೆಸ್ಟ್ರಾ ಮೇಷ್ಟ್ರು ಅವನನ್ನು ರಾಗ ನುಡಿಸುವ ಮೊದಲ ಪಿಟೀಲಿನ ಸಾಲಿನಿಂದ ಎಬ್ಬಿಸಿ, ಜೊತೆಸ್ವರ ನುಡಿಸುವ ಎರಡನೆಯದಕ್ಕೆ ಕೂರಿಸಿದ್ದಾರೆ. ಶ್ರುತಿಗೇ ಕಾಲು ಗಂಟೆ; ಆಮೇಲೆ ನಾಲ್ಕು ಬಾರ್ (ತಾಳದ ಆವರ್ತದಂಥ ಸಣ್ಣ ತುಂಡು), ಮತ್ತೆ ಅದೇ ನಾಲ್ಕು ಬಾರ್. ಇಷ್ಟು ಬಿಗಿ ಮಾಡಿದರೆ ಪ್ರತಿಭೆ ಕಮರುವುದಿಲ್ಲವೇ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಅಮ್ಮಾ, ಮಕ್ಕಳನ್ನು ಎಲ್ಲರೆದುರು ಹೀಯಾಳಿಸುವ ಮೇಷ್ಟ್ರಾಗಿದ್ದರೆ ನಾನೂ ನಿಮ್ಮ ಜೊತೆ ಜಗಳಕ್ಕೆ ಬರುತ್ತಿದ್ದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿ ಕಾಣುವುದು ಕೆಲಸ ಬಲ್ಲ ಮೇಷ್ಟ್ರು.

ಶ್ರುತಿಯ ಮಾತು ಮೊದಲು. ಎಲ್ಲರೂ ಶ್ರುತಿ ಸೇರಿಸುವುದು ಓಬೋ ಎಂಬ ಊದುವ ವಾದ್ಯ ಕೊಡುವ ಎ ಸ್ವರಕ್ಕೆ; ಅದು ಸಾಮಾನ್ಯವಾಗಿ 440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕಂಪನ. ಒಬ್ಬನ ತಂತಿ 440ಕ್ಕೂ ಪಕ್ಕದವನದು 443ಕ್ಕೂ ನಿಂತರೆ ಸೆಕೆಂಡಿಗೆ ಮೂರು ಸಲ ನಾದ ಅಲುಗುತ್ತದೆ. ಇಂಥ ನಾಲ್ಕೈದು ತಂತಿಗಳು ಸಾಕು, ಇಡೀ ಸಾಲು ಮಸುಕಾಗಲು. ಸಭಾಂಗಣ ಬಿಸಿಯೇರಿದ ಹಾಗೆ ಫ್ಲೂಟ್, ಕ್ಲಾರಿನೆಟ್‌ಗಳ ಶ್ರುತಿ ಏರುತ್ತದೆ, ತಂತಿಗಳದು ಇಳಿಯುತ್ತದೆ. ಆದ್ದರಿಂದ ನಡುವೆ ಮತ್ತೊಮ್ಮೆ ನಿಲ್ಲಿಸಿ ಶ್ರುತಿ ಮಾಡಿಸಿದರೂ ಬೇಸರಪಡಬೇಡಿ.

ನಾಲ್ಕು ಬಾರ್ ಏಕೆ? ಮಕ್ಕಳು ಮನೆಯಲ್ಲಿ ಯಾವಾಗಲೂ ಮೊದಲಿನಿಂದಲೇ ಶುರುಮಾಡುತ್ತಾರೆ. ಮೊದಲ ಪುಟ ನೀರು ಕುಡಿದಷ್ಟು ಸಲೀಸು, ಕೊನೆಯ ಪುಟ ಕಾರ್ಯಕ್ರಮದ ದಿನಕ್ಕೂ ಹೊಸತು. ಕಷ್ಟದ ತುಂಡನ್ನಷ್ಟೇ ಕತ್ತರಿಸಿಕೊಂಡು, ಲಯ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಸತತ ಮೂರು ಸಲ ತಪ್ಪಿಲ್ಲದೆ ಬಂದರೆ 64, ಆಮೇಲೆ 68. ಮೂರನೇ ಸಲ ಎಡವಿದರೆ ಮತ್ತೆ ಒಂದರಿಂದ ಎಣಿಕೆ. ಕಮಾನು ಮೇಲಕ್ಕೋ ಕೆಳಕ್ಕೋ ಎಂಬುದನ್ನು ಪುಟದ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಪೆನ್ ಬೇಡ, ಮೇಷ್ಟ್ರು ನಾಳೆ ಬದಲಿಸುತ್ತಾರೆ.

ಚುರುಕು ಹುಡುಗರ ಕಾಯಿಲೆಯೇ ಬೇರೆ. ಕಂಡೊಡನೆ ನುಡಿಸಬಲ್ಲರು, ಆದ್ದರಿಂದಲೇ ಊಹಿಸಿ ನುಡಿಸುತ್ತಾರೆ. ದನಿ ಏರಿಸಬೇಕಾದಲ್ಲಿ ಲಯವನ್ನೂ ಓಡಿಸುತ್ತಾರೆ. ಹಿಂದಿನ ಕುರ್ಚಿಯವರು ಅವರನ್ನೇ ನಂಬಿ ಮುಗ್ಗರಿಸುತ್ತಾರೆ. ಇದಕ್ಕೆ ಎರಡನೇ ಪಿಟೀಲಿಗಿಂತ ಒಳ್ಳೆಯ ಮದ್ದಿಲ್ಲ. ಅಲ್ಲಿ ರಾಗದ ಎಳೆ ಕೈಗೆ ಸಿಗುವುದು ಅಪರೂಪ. ಮೇಲೆ ಮೊದಲ ಪಿಟೀಲು, ಕೆಳಗೆ ಮಂದ್ರದ ದೊಡ್ಡ ತಂತಿವಾದ್ಯ ಚೆಲ್ಲೋ, ಎರಡನ್ನೂ ಕೇಳಿಸಿಕೊಳ್ಳುತ್ತ ನಡುವಿನ ಸ್ವರ ಹಿಡಿದು ನಿಲ್ಲಬೇಕು. ನೆವಿಲ್ ಮ್ಯಾರಿನರ್ ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಎರಡನೇ ಪಿಟೀಲಿನ ಮುಖ್ಯಸ್ಥರಾಗಿದ್ದವರು. ಆರ್ಕೆಸ್ಟ್ರಾ ನಿರ್ದೇಶಕರಾಗಿ ಲೋಕಪ್ರಸಿದ್ಧರಾದದ್ದು ಆಮೇಲೆ. ಸಂಗೀತ ರಚನಕಾರ ಡ್ವೊರಾಕ್ ಪ್ರಾಗ್‌ನ ರಂಗಮಂದಿರದಲ್ಲಿ ವರ್ಷಗಟ್ಟಲೆ ವಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ನುಡಿಸಿದರು. ಅವರ ಒಂಬತ್ತನೇ ಸಿಂಫನಿ 1893ರದು, ಸುಮಾರು ನಲವತ್ತು ನಿಮಿಷ. ಅದರಲ್ಲಿ ಸಿಂಬಲ್‌ಗೆ, ಅಂದರೆ ಕಂಚಿನ ದೊಡ್ಡ ತಾಳಕ್ಕೆ, ಇರುವುದು ಒಂದೇ ಪೆಟ್ಟು, ಅದೂ ಕೊನೆಯ ಭಾಗದಲ್ಲಿ. ಅಲ್ಲಿಯವರೆಗೆ ಎಣಿಸುತ್ತ ಕಾಯುವುದೂ ವಾದನವೇ. ಬ್ರಿಟನ್ನಿನ ರಾಷ್ಟ್ರೀಯ ಯುವ ಆರ್ಕೆಸ್ಟ್ರಾವನ್ನು 1948ರಲ್ಲಿ ಕಟ್ಟಿದ ರುತ್ ರೈಲ್ಟನ್ ಬಿಗಿಗೇ ಹೆಸರಾದವರು. ಅವರ ಕಾಲದ ನಂತರ ಅದೇ ತಂಡದಲ್ಲಿ ತಾಳವಾದ್ಯ ನುಡಿಸಿದ ಸೈಮನ್ ರಾಟಲ್ 2002ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಮುಖ್ಯ ನಿರ್ದೇಶಕರಾದರು.

ನನ್ನ ಸಿಟ್ಟು ನಿಮ್ಮ ಮೇಷ್ಟ್ರ ಮೇಲಲ್ಲ, ಮೇಷ್ಟ್ರೇ ಇಲ್ಲದ ಶಾಲೆಗಳ ಮೇಲೆ. ಪರೀಕ್ಷೆ ಹತ್ತಿರ ಬಂದರೆ ಸಂಗೀತದ ಪೀರಿಯಡ್ ಗಣಿತದ ಪೋರ್ಷನ್‌ಗೆ ಹೋಗುತ್ತದೆ. ವಾರ್ಷಿಕೋತ್ಸವಕ್ಕೆ ಪೆನ್‌ಡ್ರೈವ್ ಸಾಕು. ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಆಸರೆಯಾಗಿ ನಿಂತ ಜಯಚಾಮರಾಜ ಒಡೆಯರ ನಾಡಿನಲ್ಲಿ ಒಂದು ಶಾಲೆ ವಯೋಲಾ ಕೊಳ್ಳಲು ಆಡಳಿತ ಮಂಡಳಿಯ ಮೂರು ಸಭೆ ಬೇಕು! ತಬಲಾದ ಚರ್ಮ ಹರಿದರೆ ಹೊಸದು ಹಾಕುವವರನ್ನು ಹುಡುಕುವವರೂ ಇಲ್ಲ.

ಕಾರ್ಯಕ್ರಮದ ದಿನ ಮೊಬೈಲನ್ನು ಮಗನೊಬ್ಬನ ಮೇಲೇ ಹಿಡಿಯಬೇಡಿ, ಅಮ್ಮಾ. ಅವನ ಸ್ವರ ಬೇರೆಯಾಗಿ ಕೇಳಿಸಿದರೆ ಮೇಷ್ಟ್ರು ಮರುದಿನ ಅದೇ ನಾಲ್ಕು ಬಾರ್ ತೆಗೆಸುತ್ತಾರೆ, ಸರಿಯಾಗಿಯೇ ಮಾಡುತ್ತಾರೆ.

– ಸಂ.