ಶಿರಸಿ ಕಡೆ ಕಾಡಿನಲ್ಲಿ ಕಂಡ ಬಿಳಿ ಅಣಬೆಯನ್ನು ಗುರುತಿಸುವುದು ಹೇಗೆ?

ಮೇಲಿಂದ ತೆಗೆದ ಒಂದು ಫೋಟೋ ಸಾಲದು. ಸುಮ್ನೆ ಕಿತ್ತರೆ ಬುಡ ಮಣ್ಣಲ್ಲೇ ಉಳಿಯುತ್ತದೆ, ಮುಖ್ಯ ಗುರುತು ಇರುವುದೇ ಅಲ್ಲಿ. ಸುತ್ತಲ ಮಣ್ಣು ಬಿಡಿಸಿ ನೋಡಿ. ಮಳೆಗಾಲದಲ್ಲಿ ಗೆದ್ದಲಿನ ಗೂಡಿನಿಂದ ಏಳುವ ಹುತ್ತದ ಅಣಬೆಗೆ ಸಾಮಾನ್ಯವಾಗಿ ಬೇರಿನಂಥ ಉದ್ದ ಬಾಲ ಆಳಕ್ಕಿಳಿದಿರುತ್ತದೆ. ಬುಡದ ಸುತ್ತ ಚೀಲ, ಕಾಂಡಕ್ಕೆ ಉಂಗುರ, ಕೊಡೆಯಡಿ ಬಿಳಿ ಪದರಗಳಿದ್ದರೆ ಅಮಾನಿಟಾ ಎಂಬ ಗುಂಪಿನ ಅಣಬೆ ಇರಬಹುದು. ಆ ಗುಂಪಿನ ಕೆಲವು ಜೀವವನ್ನೇ ತೆಗೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ.

ಇನ್ನೂ ಅನುಮಾನವೇ? ಕೊಡೆ ಕತ್ತರಿಸಿ, ಪದರ ಕೆಳಗಾಗುವಂತೆ ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಪದರಗಳಿಂದ ಬೀಜಕಣಗಳ ಪುಡಿ ಕಾಗದದ ಮೇಲೆ ಉದುರುತ್ತದೆ. ಕಾಗದ ಅರ್ಧ ಕಪ್ಪಿದ್ದರೆ ಒಳ್ಳೆಯದು, ಬಿಳಿ ಪುಡಿಯೂ ಕಾಣುತ್ತದೆ. ಹುತ್ತದ ಅಣಬೆಯ ಪುಡಿ ತಿಳಿ ಗುಲಾಬಿ, ಅಮಾನಿಟಾದ್ದು ಬಿಳಿ. ಇಷ್ಟನ್ನೇ ನಂಬಿ ತಿನ್ನಬೇಡಿ. ಊರಲ್ಲಿ ವರ್ಷವೂ ಅಣಬೆ ಆರಿಸುವ ಹಿರಿಯರಿಗೆ ಬುಡಸಮೇತ ತೋರಿಸಿ.