ಪರದೆ ಯಾಕೆ ಪೂರ್ತಿ ತುಂಬಿಲ್ಲ? ಅಪ್ಪನ ಮೂರು ದೂರು

ಪ್ರಶ್ನೆ: ರಿಸ್ಟೋರ್ ಮಾಡಿರೋ ಹಳೇ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾ ಥಿಯೇಟರಿಗೆ ಬಂದಿತ್ತು, ಅಪ್ಪನ್ನ ಕರ್ಕೊಂಡು ಹೋಗಿದ್ದೆ. ಅವರು ಕಾಲೇಜಲ್ಲಿದ್ದಾಗ ನಾಲ್ಕು ಸಲ ನೋಡಿದ್ರಂತೆ. ಇಂಟರ್ವಲ್ಲಲ್ಲೇ ಶುರು ಮಾಡಿದ್ರು, ಪರದೆ ಎರಡೂ ಕಡೆ ಖಾಲಿ ಬಿಟ್ಟಿದಾರೆ, ಮುಖದ ಮೇಲೆಲ್ಲ ಪುಡಿಪುಡಿ ಕುಣೀತಿದೆ, ಒಂದು ಶಾಟ್ ಕನ್ನಡಿ ಥರ ಇದ್ರೆ ಮುಂದಿಂದು ಮಂಜುಮಂಜು, 4ಕೆ ಅಂತ ಹೇಳ್ಕೊಂಡು ಅರ್ಧ ಕೆಲಸ ಮಾಡಿದಾರೆ ಅಂತ. ನಿಜಾನಾ ಸಾರ್?

ಉತ್ತರ: ಅಪ್ಪನ ಕಣ್ಣು ಚುರುಕು, ಮೂರನ್ನೂ ಸರಿಯಾಗೇ ಹಿಡಿದಿದಾರೆ. ಆದ್ರೆ ಮೊದಲೆರಡು ತಪ್ಪಲ್ಲ, ಕೆಲಸ ಮಾಡಿದೋರಿಗೆ ಕೆಲಸ ಗೊತ್ತಿತ್ತು ಅನ್ನೋದಕ್ಕೆ ಗುರುತು.

ಆಗಿನ ಫ್ರೇಮ್ ಹೆಚ್ಚುಕಮ್ಮಿ ಚೌಕ, ಎತ್ತರ 1 ಇದ್ರೆ ಅಗಲ 1.37. ಈಗಿನ ಅಗಲದ ಪರದೆ ತುಂಬಿಸ್ಬೇಕು ಅಂದ್ರೆ ಒಂದೋ ಎಳೀಬೇಕು, ಆಗ ಎಲ್ರೂ ದಪ್ಪಗಾಗ್ತಾರೆ, ಇಲ್ಲಾಂದ್ರೆ ಮೇಲೆ ಕೆಳಗೆ ಕತ್ತರಿಸ್ಬೇಕು, ಹಣೆ ಹೋಗುತ್ತೆ ಕಾಲು ಹೋಗುತ್ತೆ. ಖಾಲಿ ಬಿಟ್ಟಿದ್ದೇ ಒಳ್ಳೇದಾಯ್ತು.

ಆ ಪುಡಿ ಇದೆಯಲ್ಲ, ಅದು ಗ್ರೇನ್, ಕೊಳೆ ಅಲ್ಲ. ಫಿಲ್ಮಲ್ಲಿ ಚಿತ್ರ ಮೂಡಿರೋದೇ ಬೆಳ್ಳಿ ಕಣಗಳಿಂದ, ಅದನ್ನ ಒರೆಸಿದ್ರೆ ಚಿತ್ರಾನೂ ಜೊತೆಗೆ ಒರೆಸ್ಕೊಂಡು ಹೋಗುತ್ತೆ, ಮುಖ ಮೇಣದ ಗೊಂಬೆ ಆಗುತ್ತೆ, ಕೂದಲೆಳೆ, ಬಟ್ಟೆ ನೇಯ್ಗೆ ಎಲ್ಲ ಮಾಯ. ತೆಗೀಬೇಕಾಗಿರೋದು ಧೂಳು, ಗೀರು. ಸಾಫ್ಟ್‌ವೇರ್ ಹಿಂದಿನ ಮುಂದಿನ ಫ್ರೇಮ್ ಹೋಲಿಸಿ ನೋಡಿ, ಒಂದರಲ್ಲಿ ಮಾತ್ರ ಇರೋ ಚುಕ್ಕೆ ಧೂಳು ಅಂತ ಅಳಿಸುತ್ತೆ, ಮಳೆ ಸೀನಲ್ಲಿ ಪಾಪ ಅದಕ್ಕೆ ಹನಿ ಯಾವ್ದು ಧೂಳು ಯಾವ್ದು ಗೊತ್ತಾಗಲ್ಲ, ಅದಕ್ಕೇ ಮನುಷ್ಯರು ಕೂತು ನೋಡ್ಬೇಕು. ಸೆಕೆಂಡಿಗೆ 24 ಫ್ರೇಮ್, ಎರಡೂವರೆ ಗಂಟೆ ಸಿನಿಮಾ ಅಂದ್ರೆ 2,16,000 ಫ್ರೇಮ್, ಲೆಕ್ಕ ಹಾಕಿ.

ಮೂರನೇ ದೂರು ನಿಜ, ಆದ್ರೆ ಅದರಲ್ಲಿ ಇವರ ತಪ್ಪು ಕಮ್ಮಿ. ಕ್ಯಾಮೆರಾದೊಳಗೆ ಓಡಿದ ಒರಿಜಿನಲ್ ನೆಗೆಟಿವ್ ಸಿಕ್ಕಿದ್ರೆ ಕನ್ನಡಿ, ಸಿಗದೇ ಇದ್ದ ಕಡೆ ಕಾಪಿಯ ಕಾಪಿ ಹಾಕ್ಬೇಕು. ಒಂದು ಶಾಟ್ ಕರಗಿ ಇನ್ನೊಂದು ಬರೋ ಜಾಗಗಳನ್ನ ಆಗಲೇ ಲ್ಯಾಬಲ್ಲಿ ಕಾಪಿ ತೆಗೆದು ಮಾಡ್ತಿದ್ರು, ಅಲ್ಲಿ ಮಂಜು ಇದ್ದೇ ಇರುತ್ತೆ. ಸತ್ಯಜಿತ್ ರಾಯ್ ಅವರ ಅಪು ತ್ರಿವಳಿ, ಅಂದ್ರೆ ಅಪು ಅನ್ನೋನ ಬದುಕಿನ ಮೇಲಿನ ಮೂರು ಸಿನಿಮಾ, ಅದಕ್ಕೆ ಏನಾಯ್ತು ಕೇಳಿ. ಅದರ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬಲ್ಲಿ ಬೆಂಕಿಗೆ ಸಿಕ್ಕಿದ್ವು. ಸುಟ್ಟು ಸೆಟೆದುಕೊಂಡಿದ್ದ ರೀಲುಗಳನ್ನ ಎಸೀದೇ ಇಟ್ಟಿದ್ರು, ಎಷ್ಟೋ ವರ್ಷ ಆದ್ಮೇಲೆ ಇಟಲಿಯ ಬೊಲೋನ್ಯಾದ ಲ್ಯಾಬಲ್ಲಿ ಅದಕ್ಕೆ ಮತ್ತೆ ತೇವ ಕೊಟ್ಟು ಮೆತ್ತಗೆ ಮಾಡಿ ಸ್ಕ್ಯಾನ್ ಮಾಡಿದ್ರು, ಉಳಿಯದೇ ಇದ್ದಿದ್ದನ್ನ ಬೇರೆ ಕಾಪಿಗಳಿಂದ ತುಂಬಿಸಿ 2015ರಲ್ಲಿ ಥಿಯೇಟರಿಗೆ ತಂದ್ರು. 4ಕೆ ಅನ್ನೋದು ಬರೀ ಸ್ಕ್ಯಾನಿನ ಅಳತೆ, ಸವೆದ ಪ್ರಿಂಟನ್ನ 4ಕೆ ಸ್ಕ್ಯಾನ್ ಮಾಡಿದ್ರೆ ಗೀರು ಇನ್ನೂ ಸ್ಪಷ್ಟವಾಗಿ ಕಾಣುತ್ತೆ ಅಷ್ಟೇ.

ಇನ್ನೊಂದು, ಅಪ್ಪ ಕಾಲೇಜಲ್ಲಿ ನೋಡಿದ್ದು ಊರೂರು ಸುತ್ತಿ ಬಂದ ಪ್ರಿಂಟ್ ಇರ್ಬಹುದು. ಆಗ ಗೀರು ಕಂಡಿರಲ್ಲ, ಹೀರೋಯಿನ್ ಕಂಡಿರ್ತಾರೆ.

ಪ್ರಶ್ನೆ: ಕಸ್ತೂರಿ ನಿವಾಸಕ್ಕೆ ಬಣ್ಣ ಹಾಕಿದ್ರಲ್ಲ, ಅದೂ ರಿಸ್ಟೊರೇಷನ್ನೇ ತಾನೆ?

ಉತ್ತರ: ಅಲ್ಲ. 1971ರ ಆ ಸಿನಿಮಾ 2014ರಲ್ಲಿ ಬಣ್ಣ ಹಚ್ಕೊಂಡು ಬಂತು. ಜನ ನೋಡಿದ್ರು, ಸಂತೋಷ. ಆದ್ರೆ ರಿಸ್ಟೊರೇಷನ್ ಅಂದ್ರೆ ಮೊದಲು ಹೇಗಿತ್ತೋ ಹಾಗೆ ವಾಪಸ್ ತರೋದು, ಇಲ್ದೇ ಇದ್ದಿದ್ದನ್ನ ಸೇರಿಸೋದಲ್ಲ. ಕಪ್ಪು ಬಿಳುಪಿಗೆ ಅಂತಾನೇ ಲೈಟ್ ಇಟ್ಟಿರ್ತಾರೆ, ನೆರಳಿಗೂ ಒಂದು ಕೆಲಸ ಇರುತ್ತೆ. ನನಗಂತೂ ಬಣ್ಣ ಇಲ್ದೇ ಇರೋದೇ ಇಷ್ಟ, ಜಗಳಕ್ಕೆ ಬರಬೇಡಿ.

ಪ್ರಶ್ನೆ: ಡೈಲಾಗ್ ಹಿಂದೆ ಸೊಂಯ್ ಅನ್ನೋ ಸದ್ದು ಯಾಕೆ ಹಾಗೇ ಬಿಟ್ಟಿರ್ತಾರೆ?

ಉತ್ತರ: ಪೂರ್ತಿ ತೆಗೆದ್ರೆ ಮಾತಿನ ಅಂಚೂ ಹೋಗಿ ಕೊಡದೊಳಗೆ ಬಾಯಿಟ್ಟು ಮಾತಾಡಿದಂಗೆ ಕೇಳುತ್ತೆ. ತೀರಾ ಕಿರಿಕಿರಿ ಆದ್ರೆ ಆಪರೇಟರಿಗೆ ವಾಲ್ಯೂಮ್ ಸ್ವಲ್ಪ ಇಳಿಸೋಕೆ ಹೇಳಿ ನೋಡಿ, ಹೊಸ ಆಕ್ಷನ್ ಸಿನಿಮಾಗೆ ಇಟ್ಟ ವಾಲ್ಯೂಮಲ್ಲೇ ಓಡಿಸ್ತಿರಬಹುದು.